ಎರಡು ವಾರದ ನಂಬರ್ ಒನ್: 31 ವರ್ಷ ಲೇಟಾಗಿ ಬಿದ್ದ ಹಾಜರಿ

1976ನೇ ಇಸವಿ, ಏಪ್ರಿಲ್ 26. ಮಹಿಳಾ ಟೆನಿಸ್‌ನಲ್ಲಿ ಜಗತ್ತಿನ ನಂಬರ್ ಒನ್ ಯಾರು ಅಂತ ಆವತ್ತು ಯಾರನ್ನ ಕೇಳಿದ್ರೂ ಒಂದೇ ಉತ್ತರ ಬರ್ತಿತ್ತು: ಅಮೆರಿಕದ ಕ್ರಿಸ್ ಎವರ್ಟ್. ಆ ಉತ್ತರ ತಪ್ಪು. ಸರಿ ಉತ್ತರ ಆಸ್ಟ್ರೇಲಿಯಾದ ಇವಾನ್ ಗೂಲಗಾಂಗ್. ಆದ್ರೆ ಇದು ಅಧಿಕೃತವಾಗಿ ಹೊರಗೆ ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟೊತ್ತಿಗೆ ಗೂಲಗಾಂಗ್ ಅವರಿಗೆ 56 ವರ್ಷ. ರಾಕೆಟ್ ಕೆಳಗಿಟ್ಟು ಎಷ್ಟೋ ಕಾಲ ಆಗಿತ್ತು.

ನಮಸ್ಕಾರ, ಚಿಕ್ಕಮಗಳೂರಿಂದ ಮಾತಾಡ್ತಿದ್ದೀನಿ. ಮಧ್ಯೆ ಮಧ್ಯೆ ಶೀಟಿನ ಮೇಲೆ ಮಳೆ ಬೀಳೋ ಸದ್ದು ಕೇಳಿಸಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ, ನಮ್ಮ ಸ್ಟುಡಿಯೋ ಅಂದ್ರೆ ಒಂದು ರೂಮು, ಎರಡು ಕಂಬಳಿ, ಒಂದು ಮೈಕು. ಇವತ್ತಿನ ಸಂಚಿಕೆ ಮಹಿಳಾ ಟೆನಿಸ್‌ನ ನಂಬರ್ ಒನ್ ಪಟ್ಟದ ಇತಿಹಾಸ. ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ ಬಗ್ಗೆ ಹೇಳೋಕೆ ನನಗಿಂತ ಚೆನ್ನಾಗಿ ಗೊತ್ತಿರೋರು ಬೇಕಾದಷ್ಟು ಜನ ಇದ್ದಾರೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ನಾನು ನೋಡೋದು ಲೆಕ್ಕದ ಪುಸ್ತಕ. ಈ ಪಟ್ಟಕ್ಕಾಗಿ ಕೋರ್ಟ್ ಮೇಲೆ ನಡೆದಷ್ಟೇ ಜೋರಾದ ಜಗಳ, ಲೆಕ್ಕ ಹೇಗೆ ಬರೀಬೇಕು ಅನ್ನೋದರ ಮೇಲೂ ನಡೆದಿದೆ. ಅದರಲ್ಲಿ ಒಂದು ಸಣ್ಣ ಪುಟ ನಮ್ಮ ಬೆಂಗಳೂರಿಂದು. ಅಲ್ಲಿಗೂ ಬರ್ತೀನಿ.

ಮೊದಲು ನಮ್ಮ ಕಡೆಯ ಒಂದು ಪುಸ್ತಕದ ವಿಷಯ ಹೇಳಿಬಿಡ್ತೀನಿ. ಮೂಡಿಗೆರೆ, ಕಳಸ, ಈ ಕಡೆ ಕಾಫಿ ತೋಟ ನೋಡಿದವರಿಗೆ ಚೆಕ್‌ರೋಲ್ ಅಂದ್ರೆ ಏನು ಅಂತ ಗೊತ್ತಿರುತ್ತೆ. ಇವತ್ತು ಯಾರು ಕೆಲಸಕ್ಕೆ ಬಂದ್ರು, ಯಾರು ಬರಲಿಲ್ಲ ಅಂತ ತೋಟದ ರೈಟರ್ ಬರೆಯೋ ಪುಸ್ತಕ. ಹಣ್ಣು ಕುಯ್ಯೋ ಟೈಮಲ್ಲಿ ಯಾರು ಎಷ್ಟು ಕೆಜಿ ಕುಯ್ದ್ರು ಅನ್ನೋದೂ ಬರಹಕ್ಕೆ ಬೀಳುತ್ತೆ. ಬೆಳಿಗ್ಗೆಯಿಂದ ಸಂಜೆವರೆಗೆ ಜಿಗಣೆ ಕಚ್ಚಿಸ್ಕೊಂಡು ಕೆಲಸ ಮಾಡಿದ ಹೆಂಗಸಿನ ಹೆಸರಿನ ಮುಂದೆ ಆವತ್ತು ಹಾಜರಿ ಬೀಳಲಿಲ್ಲ ಅಂದ್ರೆ? ಕೆಲಸ ಆಗಿದೆ, ಗಿಡ ಖಾಲಿಯಾಗಿದೆ, ಚೀಲ ತುಂಬಿದೆ. ಆದ್ರೆ ಪುಸ್ತಕದ ಪ್ರಕಾರ ಆಕೆ ಬಂದೇ ಇಲ್ಲ.

ಬಿ.ಕಾಂ.ನಲ್ಲಿ ಇದಕ್ಕೆ ಎರರ್ ಆಫ್ ಒಮಿಷನ್ ಅಂತಾರೆ. ಪೂರ್ತಿ ಬಿಟ್ಟುಹೋದ ಎಂಟ್ರಿ. ಇದರ ದೊಡ್ಡ ಅಪಾಯ ಏನು ಅಂದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿಬಿಡುತ್ತೆ. ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ಎರಡೂ ಕಡೆ ಸಮ. ತಪ್ಪಾಗಿ ಬರೆದಿದ್ದನ್ನ ಹೇಗೋ ಹಿಡೀಬಹುದು, ಬರೀದೇ ಬಿಟ್ಟಿದ್ದನ್ನ ಹಿಡಿಯೋದು ಕಷ್ಟ. ಗೂಲಗಾಂಗ್ ಅವರಿಗೆ ಆಗಿದ್ದೂ ಇದೇ.

ಆದ್ರೆ ಟೆನಿಸ್‌ಗೆ ಇಂಥ ಪುಸ್ತಕ ಬೇಕು ಅಂತ ಯಾಕೆ ಅನ್ನಿಸ್ತು? ಅದಕ್ಕೆ ಇನ್ನೂ ಆರು ವರ್ಷ ಹಿಂದೆ ಹೋಗ್ಬೇಕು.

1970ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಟೂರ್ನಿ ಇತ್ತು. ಗೆದ್ದ ಗಂಡಸಿಗೆ 12,500 ಡಾಲರ್, ಗೆದ್ದ ಹೆಂಗಸಿಗೆ 1,500 ಡಾಲರ್. ಎಂಟು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಬಿಲ್ಲಿ ಜೀನ್ ಕಿಂಗ್ ಮತ್ತು ಜೊತೆಯವರು ಇದನ್ನ ಒಪ್ಪಲಿಲ್ಲ. ಆ ವರ್ಷ ಸೆಪ್ಟೆಂಬರ್ 23ಕ್ಕೆ ಹ್ಯೂಸ್ಟನ್‌ನಲ್ಲಿ ಒಂಬತ್ತು ಜನ ಆಟಗಾರ್ತಿಯರು ಗ್ಲಾಡಿಸ್ ಹೆಲ್ಡ್‌ಮನ್ ಅನ್ನೋ ಟೆನಿಸ್ ಪತ್ರಿಕೆಯ ಒಡತಿಯ ಜೊತೆ ತಲಾ ಒಂದು ಡಾಲರ್‌ಗೆ ಒಪ್ಪಂದ ಮಾಡ್ಕೊಂಡು ಪ್ರತ್ಯೇಕ ಟೂರ್ನಿ ಆಡಿದ್ರು. ಒಂದೇ ಡಾಲರ್. ಕಾಂಟ್ರಾಕ್ಟ್ ಕಾನೂನು ಓದಿದವರಿಗೆ ಗೊತ್ತು, ಪ್ರತಿಫಲ ಎಷ್ಟೇ ಚಿಕ್ಕದಿರಲಿ, ಇದ್ರೆ ಸಾಕು, ಒಪ್ಪಂದ ನಿಲ್ಲುತ್ತೆ. ಅಲ್ಲಿಂದ 1973ರ ಜೂನ್‌ನಲ್ಲಿ ಲಂಡನ್‌ನ ಒಂದು ಹೋಟೆಲ್ ರೂಮಲ್ಲಿ ಮಹಿಳಾ ಟೆನಿಸ್ ಸಂಘ, ಅಂದ್ರೆ ಈಗಿನ ಡಬ್ಲ್ಯುಟಿಎ ಹುಟ್ಟಿತು. ಅದೇ ವರ್ಷ ಯುಎಸ್ ಓಪನ್ ಗಂಡಸರಿಗೂ ಹೆಂಗಸರಿಗೂ ಸಮ ಬಹುಮಾನ ಕೊಟ್ಟಿತು.

ಸಂಘ ಆಯ್ತು, ದುಡ್ಡು ಬಂತು. ಯಾರು ಎಷ್ಟನೇ ಸ್ಥಾನ ಅನ್ನೋದನ್ನ ಯಾರು ಹೇಳ್ಬೇಕು? ಅಲ್ಲಿವರೆಗೆ ಅದು ಹೆಸರಾಂತ ಪತ್ರಕರ್ತರ ಕೆಲಸ. ವರ್ಷದ ಕೊನೇಲಿ ತಮ್ಮ ಲೆಕ್ಕದಲ್ಲಿ ಮೊದಲ ಹತ್ತು ಜನ ಯಾರು ಅಂತ ಪಟ್ಟಿ ಬರೆಯೋರು. ಅಭಿಪ್ರಾಯ ಅಷ್ಟೇ. ಟೂರ್ನಿಗೆ ಯಾರನ್ನ ಸೇರಿಸ್ಬೇಕು ಅನ್ನೋದರಲ್ಲಿ ನಡೆಸೋರ ಮರ್ಜಿಗೆ ಬೇಕಾದಷ್ಟು ಜಾಗ ಇತ್ತು. ಟಿಕೆಟ್ ಯಾರ ಹೆಸರಲ್ಲಿ ಹೋಗುತ್ತೆ, ಅವರಿಗೆ ಜಾಗ. ಹೊಸಬರು, ಹೆಸರಿಲ್ಲದವರು ಬಾಗಿಲಲ್ಲೇ ನಿಲ್ಲಬೇಕು. ಅದಕ್ಕೇ ಕಂಪ್ಯೂಟರ್ ರ‍್ಯಾಂಕಿಂಗ್ ಬಂತು. ಗಂಡಸರದ್ದು 1973ರ ಆಗಸ್ಟ್‌ನಲ್ಲಿ, ಹೆಂಗಸರದ್ದು 1975ರ ನವೆಂಬರ್ 3ಕ್ಕೆ. ನಾವು ರ‍್ಯಾಂಕಿಂಗ್ ಅಂದ ತಕ್ಷಣ ಮೇಲಿನ ಒಂದೇ ಹೆಸರು ನೋಡ್ತೀವಿ. ಆದ್ರೆ ಅದರ ನಿಜವಾದ ಉಪಯೋಗ ಇರೋದು 90, 100, 110ನೇ ಸ್ಥಾನದಲ್ಲಿ ಇರೋರಿಗೆ. ಈಗ ಗ್ರ್ಯಾಂಡ್ ಸ್ಲಾಮ್‌ನ 128 ಜನರ ಡ್ರಾನಲ್ಲಿ 104 ಜನ ನೇರ ರ‍್ಯಾಂಕಿಂಗ್ ಮೇಲೇ ಒಳಗೆ ಹೋಗ್ತಾರೆ. ಮರ್ಜಿ ಇಲ್ಲ, ಶಿಫಾರಸು ಇಲ್ಲ.

ಮೊದಲ ಪಟ್ಟಿಯಲ್ಲಿ ಮೇಲೆ ಇದ್ದಿದ್ದು ಕ್ರಿಸ್ ಎವರ್ಟ್. ಆಗ ಲೆಕ್ಕ ಹಾಕ್ತಿದ್ದಿದ್ದು ಸರಾಸರಿ. ಬಂದ ಪಾಯಿಂಟನ್ನ ಆಡಿದ ಟೂರ್ನಿಗಳಿಂದ ಭಾಗಿಸೋದು. ಒಬ್ಬರು ಹತ್ತು ಟೂರ್ನಿ ಆಡಿ 500 ಪಾಯಿಂಟ್ ತಗೊಂಡ್ರೆ ಸರಾಸರಿ 50. ಇನ್ನೊಬ್ಬರು ಆರು ಟೂರ್ನಿಯಲ್ಲಿ 360 ತಗೊಂಡ್ರೆ ಸರಾಸರಿ 60. ಎರಡನೆಯವರು ಮೇಲೆ. ಈ ಅಂಕಿ ಬರೀ ಉದಾಹರಣೆಗೆ ಹೇಳಿದ್ದು. ಸರಾಸರಿ ಲೆಕ್ಕದಲ್ಲಿ ಒಂದು ಎಂಟ್ರಿ ಬಿಟ್ಟುಹೋದ್ರೆ ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡೂ ಬದಲಾಗುತ್ತೆ ಅನ್ನೋದು ತಲೇಲಿರಲಿ. ಇನ್ನೊಂದು, ಪಟ್ಟಿ ಈಗಿನ ಹಾಗೆ ಪ್ರತಿ ಸೋಮವಾರ ಬರ್ತಿರಲಿಲ್ಲ. ಬಂದಾಗ ಬಂತು.

ಈಗ 1976. ಗೂಲಗಾಂಗ್ ಜನವರಿ ಹೊತ್ತಿಗೆ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ರು. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವರ್ಜೀನಿಯಾ ಸ್ಲಿಮ್ಸ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಎವರ್ಟ್ ಅವರನ್ನೇ ಸೋಲಿಸಿದ್ರು, 6-3, 5-7, 6-3. ಸರಿಯಾಗಿ ಲೆಕ್ಕ ಹಾಕಿದ್ರೆ ಏಪ್ರಿಲ್ 26ರಿಂದ ಎರಡು ವಾರ ಅವರೇ ಮೇಲಿರ್ಬೇಕಿತ್ತು. ಆದ್ರೆ ಲೆಕ್ಕಕ್ಕೆ ತಗೊಂಡ ಮಾಹಿತಿ ಅಪೂರ್ಣ ಆಗಿತ್ತು. ಎವರ್ಟ್ ಮೇಲೇ ಉಳಿದ್ರು. ಆ ವರ್ಷ ವಿಂಬಲ್ಡನ್, ಯುಎಸ್ ಓಪನ್ ಎರಡರ ಫೈನಲ್‌ನಲ್ಲೂ ಎವರ್ಟ್ ಎದುರು ಗೂಲಗಾಂಗ್ ಸೋತಿದ್ರಿಂದ ಯಾರಿಗೂ ಅನುಮಾನಾನೇ ಬರಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ!

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಈ ಹೆಂಗಸು ಯಾರು ಅಂತ ಗೊತ್ತಾಗ್ಬೇಕು. ಇವಾನ್ ಗೂಲಗಾಂಗ್ ಹುಟ್ಟಿದ್ದು 1951ರಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ. ವಿರಾಜುರಿ ಅನ್ನೋ ಮೂಲನಿವಾಸಿ ಸಮುದಾಯದವರು. ಬೆಳೆದಿದ್ದು ಬಾರೆಲ್ಲನ್ ಅನ್ನೋ ಸಣ್ಣ ಊರಲ್ಲಿ, ಸುತ್ತ ಗೋಧಿ ಹೊಲ. ಅಪ್ಪನ ಕೆಲಸ ಕುರಿ ಉಣ್ಣೆ ಕತ್ತರಿಸೋದು. ಆ ಕಾಲದಲ್ಲಿ ಆಸ್ಟ್ರೇಲಿಯಾ ಸರ್ಕಾರ ಮೂಲನಿವಾಸಿ ಮಕ್ಕಳನ್ನ ಮನೆಯಿಂದ ಎತ್ಕೊಂಡು ಹೋಗಿ ಹಾಸ್ಟೆಲ್‌ಗಳಲ್ಲಿ, ಬಿಳಿಯರ ಮನೆಗಳಲ್ಲಿ ಇಡ್ತಿತ್ತು. ಮಣ್ಣು ರಸ್ತೇಲಿ ಕಾರಿನ ಸದ್ದು ಕೇಳಿದ್ರೆ ಅಮ್ಮ ಮಕ್ಕಳನ್ನ ಬಚ್ಚಿಟ್ಕೊಳ್ಳಿ ಅಂತಿದ್ರು ಅಂತ ಗೂಲಗಾಂಗ್ ಆಮೇಲೆ ನೆನಪಿಸ್ಕೊಂಡಿದ್ದಾರೆ.

ಇನ್ನೂ ಒಂದು ವಿಷಯ ಇದೆ. 1967ರವರೆಗೆ ಆಸ್ಟ್ರೇಲಿಯಾದ ಸಂವಿಧಾನದಲ್ಲಿ 127ನೇ ವಿಧಿ ಅಂತ ಒಂದಿತ್ತು. ದೇಶದ ಜನಸಂಖ್ಯೆ ಲೆಕ್ಕ ಹಾಕೋವಾಗ ಮೂಲನಿವಾಸಿಗಳನ್ನ ಅದರಲ್ಲಿ ಸೇರಿಸಬಾರದು ಅನ್ನೋದು ಅದರ ಅರ್ಥ. ಬಿಟ್ಟುಹೋಗಿದ್ದಲ್ಲ, ಬರೆದಿಟ್ಟು ಬಿಟ್ಟಿದ್ದು. 1967ರ ಮೇ 27ಕ್ಕೆ ಜನಮತಗಣನೆ ಆಗಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ವೋಟು ಬಿದ್ದು ಆ ವಿಧಿ ಹೋಯ್ತು. ಆಗ ಗೂಲಗಾಂಗ್‌ಗೆ 15 ವರ್ಷ. ನಾಲ್ಕೇ ವರ್ಷಕ್ಕೆ, 1971ರಲ್ಲಿ, ಮಾರ್ಗರೆಟ್ ಕೋರ್ಟ್ ಅವರನ್ನ ಸೋಲಿಸಿ ವಿಂಬಲ್ಡನ್ ಗೆದ್ದರು.

1976ರ ರ‍್ಯಾಂಕಿಂಗ್ ತಪ್ಪಿಗೂ ಜನಾಂಗಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಅದು ಮಾಹಿತಿ ಕಡಿಮೆ ಬಿದ್ದು ಆದ ತಪ್ಪು, ಎವರ್ಟ್ ಅವರಿಗೂ ಆಗಬಹುದಿತ್ತು. ಆದ್ರೆ ಹುಟ್ಟಿದಾಗ ದೇಶದ ಲೆಕ್ಕದಲ್ಲಿ ಸೇರದ ಹುಡುಗಿ, ಜಗತ್ತಿನ ಮೇಲಿನ ಸ್ಥಾನಕ್ಕೆ ಹೋದಾಗ ಆ ಲೆಕ್ಕದಲ್ಲೂ ಸೇರಲಿಲ್ಲ ಅನ್ನೋದನ್ನ ಓದಿದಾಗ ನನಗೆ ಸುಮ್ಮನೆ ಪುಟ ತಿರುಗಿಸಿ ಮುಂದೆ ಹೋಗೋಕೆ ಆಗಲಿಲ್ಲ.

2007ರಲ್ಲಿ ತಪ್ಪು ಸಿಕ್ಕಿದಾಗ ಡಬ್ಲ್ಯುಟಿಎ ಮುಚ್ಚಿಡದೆ ಎಂಟ್ರಿ ತಿದ್ದಿತು. ಆ ಮಟ್ಟಿಗೆ ಶಭಾಷ್ ಅನ್ನಬೇಕು. ಕಾಲದ ಪ್ರಕಾರ ಗೂಲಗಾಂಗ್ ಎರಡನೇ ನಂಬರ್ ಒನ್, ಎವರ್ಟ್ ಆದ ಮೇಲೆ ಅವರೇ. ಪುಸ್ತಕಕ್ಕೆ ಹೆಸರು ಸೇರಿದ ಕ್ರಮದಲ್ಲಿ 16ನೆಯವರು. ನಡುವೆ ನವ್ರಾಟಿಲೋವಾ, ಗ್ರಾಫ್, ಸೆಲೆಸ್, ಹಿಂಗಿಸ್, ವೀನಸ್, ಸೆರೆನಾ ಎಲ್ಲರೂ ಬಂದು ಹೋಗಿದ್ರು.

ಎವರ್ಟ್ ಮತ್ತು ಮಾರ್ಟಿನಾ ನವ್ರಾಟಿಲೋವಾ ಕಥೆ ನಿಮಗೆ ಎಲ್ಲಿ ಬೇಕಾದ್ರೂ ಸಿಗುತ್ತೆ, ಬೇಗ ದಾಟಿಬಿಡ್ತೀನಿ. ಇಬ್ಬರೂ ಎದುರುಬದುರಾಗಿದ್ದು 80 ಸಲ. ನವ್ರಾಟಿಲೋವಾ 43, ಎವರ್ಟ್ 37. ಒಟ್ಟು ವಾರಗಳ ಲೆಕ್ಕದಲ್ಲಿ ನವ್ರಾಟಿಲೋವಾ 332 ವಾರ ನಂಬರ್ ಒನ್, ಎವರ್ಟ್ 260. ಇವರಿಬ್ಬರನ್ನೂ ಮೀರಿಸಿದ್ದು ಜರ್ಮನಿಯ ಸ್ಟೆಫಿ ಗ್ರಾಫ್, 377 ವಾರ. ಗಂಡಸರು ಹೆಂಗಸರು ಅಂತ ಭೇದ ಮಾಡದೆ ನೋಡಿದ್ರೆ ಗ್ರಾಫ್ ಮೇಲಿರೋದು ನೊವಾಕ್ ಯೊಕೊವಿಚ್ ಒಬ್ಬರೇ.

ಆದ್ರೆ ಗ್ರಾಫ್ ಅವರ ಆ 377ರ ಒಳಗೆ ಒಂದು ಕಹಿ ಭಾಗ ಇದೆ. 1991ರಲ್ಲಿ ಯುಗೊಸ್ಲಾವಿಯಾದ ಮೋನಿಕಾ ಸೆಲೆಸ್ ಗ್ರಾಫ್ ಅವರನ್ನ ಕೆಳಗಿಳಿಸಿ ನಂಬರ್ ಒನ್ ಆದ್ರು. 1993ರ ಏಪ್ರಿಲ್ 30, ಹ್ಯಾಂಬರ್ಗ್‌ನಲ್ಲಿ ಮ್ಯಾಚ್ ನಡೀತಿತ್ತು. ಸೈಡ್ ಬದಲಿಸೋ ಹೊತ್ತಲ್ಲಿ ಕುರ್ಚಿ ಮೇಲೆ ಕೂತಿದ್ದ ಸೆಲೆಸ್ ಬೆನ್ನಿಗೆ ಒಬ್ಬ ಹಿಂದಿಂದ ಬಂದು ಚಾಕು ಹಾಕಿದ. ಅವನು ಗ್ರಾಫ್ ಅಭಿಮಾನಿ. ಗ್ರಾಫ್ ಮತ್ತೆ ನಂಬರ್ ಒನ್ ಆಗಲಿ ಅನ್ನೋದೇ ಅವನ ಉದ್ದೇಶ. ಅಂದ್ರೆ ರ‍್ಯಾಂಕಿಂಗ್‌ಗೋಸ್ಕರ ಚಾಕು. ಸೆಲೆಸ್‌ಗೆ ಆಗ 19 ವರ್ಷ.

ಆಮೇಲೆ ಬಂತು ಲೆಕ್ಕದ ಪ್ರಶ್ನೆ. ಆಸ್ಪತ್ರೆಯಲ್ಲಿರೋ ಸೆಲೆಸ್ ಟೂರ್ನಿ ಆಡೋಕಾಗಲ್ಲ, ವಾರ ಕಳೆದ ಹಾಗೆ ರ‍್ಯಾಂಕಿಂಗ್ ಜಾರುತ್ತೆ. ಅವರು ಗುಣ ಆಗಿ ಬರೋವರೆಗೆ ಸ್ಥಾನ ಹಾಗೇ ಇಡೋಣವಾ? ರೋಮ್‌ನಲ್ಲಿ ಮೇಲಿನ ಆಟಗಾರ್ತಿಯರು ಸೇರಿ ವೋಟು ಹಾಕಿದ್ರು. ಬೇಡ ಅಂತ ತೀರ್ಮಾನ ಆಯ್ತು. ಅರ್ಜೆಂಟೀನಾದ ಗೇಬ್ರಿಯೆಲಾ ಸಬಾಟಿನಿ ಮಾತ್ರ ಆ ಕಡೆ ವೋಟು ಹಾಕಲಿಲ್ಲ. ಜೂನ್ 7ಕ್ಕೆ, ಫ್ರೆಂಚ್ ಓಪನ್ ಗೆದ್ದ ಗ್ರಾಫ್ ಮತ್ತೆ ನಂಬರ್ ಒನ್. ಚಾಕು ಹಾಕಿದವನು ಏನು ಬಯಸಿದ್ನೋ ಅದು ಆರು ವಾರದೊಳಗೆ ಪುಸ್ತಕದಲ್ಲಿ ಬರೆದಾಯ್ತು. ಇದರಲ್ಲಿ ಗ್ರಾಫ್ ಅವರದ್ದು ತಪ್ಪೇನಿಲ್ಲ. ವೋಟು ಹಾಕಿದ ಉಳಿದವರ ವಾದಾನೂ ಇತ್ತು, ನಾಳೆ ನನಗೆ ಮೊಣಕಾಲು ಮುರಿದ್ರೆ ನನಗೂ ಹೀಗೇ ಮಾಡ್ತೀರಾ ಅನ್ನೋ ತರ. ಆದ್ರೂ ಗೈರುಹಾಜರಿಗೆ ಕಾರಣ ನೋಡದ ಚೆಕ್‌ರೋಲ್ ಅದು. 1995ರ ಆಗಸ್ಟ್‌ನಲ್ಲಿ ಸೆಲೆಸ್ ವಾಪಸ್ ಬಂದಾಗ ಗ್ರಾಫ್ ಜೊತೆ ಜಂಟಿ ನಂಬರ್ ಒನ್ ಅಂತ ಇಟ್ಟರು. ಎರಡು ವರ್ಷ ಲೇಟು.

ಈಗ ಬೆಂಗಳೂರು. ಅದಕ್ಕೆ ಮೊದಲು ಇವತ್ತಿನ ಲೆಕ್ಕ ಹೇಗೆ ಅಂತ ಒಂದು ನಿಮಿಷ. 1997ರಲ್ಲಿ ಸರಾಸರಿ ಬಿಟ್ಟು ಒಟ್ಟು ಪಾಯಿಂಟಿನ ಲೆಕ್ಕಕ್ಕೆ ಬಂದ್ರು. ಕಳೆದ 52 ವಾರದ ಪಾಯಿಂಟ್ ಮಾತ್ರ ಖಾತೆಯಲ್ಲಿರುತ್ತೆ. ಈಗ ಗ್ರ್ಯಾಂಡ್ ಸ್ಲಾಮ್ ಗೆದ್ರೆ 2000, ಫೈನಲ್‌ನಲ್ಲಿ ಸೋತ್ರೆ 1300. ಮುಂದಿನ ವರ್ಷ ಅದೇ ಟೂರ್ನಿ ಬಂದಾಗ ಹಳೇದು ಅಳಿಸಿ ಹೋಗುತ್ತೆ, ಹೊಸದಾಗಿ ಗಳಿಸ್ಬೇಕು. ನಮ್ಮ ಕಡೆ ತೋಟದವರು ಮಳೆ ಲೆಕ್ಕ ಬರೀತಾರಲ್ಲ, ಇಂಚು, ಸೆಂಟು ಅಂತ, ಹಾಗೇ ಇದು. ಕಳಸದಲ್ಲಿ ಯಾರಾದ್ರೂ ಸಿಕ್ಕಿದ್ರೆ ಮೊದಲ ಮಾತು "ಎಷ್ಟಾಯ್ತು ಮಾರಾಯ್ರೆ?", ಎರಡನೇ ಮಾತು "ಹೋದ ವರ್ಷ ಇಷ್ಟೊತ್ತಿಗೆ ಎಷ್ಟಾಗಿತ್ತು?". ಟೆನಿಸ್ ಆಟಗಾರ್ತಿಯೂ ಸದಾ ಆ ಎರಡನೇ ಪ್ರಶ್ನೆಗೆ ಉತ್ತರ ಕೊಡ್ತಾ ಇರ್ತಾಳೆ. ಈ ವಾರ ಚೆನ್ನಾಗಿ ಆಡಿದ್ರೂ ಹೋದ ವರ್ಷ ಇನ್ನೂ ಚೆನ್ನಾಗಿ ಆಡಿದ್ರೆ ಖಾತೆಯಲ್ಲಿ ನಷ್ಟ.

2006ರಿಂದ 2008ರವರೆಗೆ ಮೂರು ವರ್ಷ ಬೆಂಗಳೂರಿನಲ್ಲಿ ಡಬ್ಲ್ಯುಟಿಎ ಟೂರ್ನಿ ನಡೀತು, ಕಬ್ಬನ್ ಪಾರ್ಕ್ ಒಳಗಿರೋ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಸ್ಟೇಡಿಯಂನಲ್ಲಿ. 2006ರಲ್ಲಿ ಡಬಲ್ಸ್ ಗೆದ್ದಿದ್ದು ಸಾನಿಯಾ ಮಿರ್ಜಾ ಮತ್ತು ಲೀಜೆಲ್ ಹ್ಯೂಬರ್. 2008ರ ಮಾರ್ಚ್‌ನಲ್ಲಂತೂ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಇಬ್ಬರೂ ಬಂದ್ರು, ಸರ್ಬಿಯಾದ ಯೆಲೆನಾ ಯಾಂಕೊವಿಚ್ ಕೂಡ. ಅಕ್ಕ ತಂಗಿ ಸೆಮಿಫೈನಲ್‌ನಲ್ಲೇ ಎದುರಾದ್ರು. ಒಂದೊಂದು ಸೆಟ್ ಆಗಿ, ಮೂರನೇದು ಟೈಬ್ರೇಕರ್‌ಗೆ ಹೋಗಿ, ತಂಗಿ ಗೆದ್ದಳು. ಕಬ್ಬನ್ ಪಾರ್ಕ್ ಮರಗಳ ಮಧ್ಯೆ ವಿಲಿಯಮ್ಸ್ ಸೋದರಿಯರ ಮೂರು ಸೆಟ್ ಮ್ಯಾಚ್! ನಾನಾಗ ಇಲ್ಲಿ ಪ್ರೈಮರಿ ಸ್ಕೂಲಲ್ಲಿ ಮಗ್ಗಿ ಬಾಯಿಪಾಠ ಮಾಡ್ತಿದ್ದೆ, ಯಾರೂ ಹೇಳಲೇ ಇಲ್ಲ. ಫೈನಲ್‌ನಲ್ಲಿ ಸೆರೆನಾ ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನ 7-5, 6-3ರಿಂದ ಸೋಲಿಸಿದ್ರು.

ಆ ಟೂರ್ನಿಯಲ್ಲಿ ಇರಬೇಕಿದ್ದ ಒಬ್ಬರು ಇರಲಿಲ್ಲ. ಸಾನಿಯಾ. ಹಿಂದಿನ ವರ್ಷ ಆಗಸ್ಟ್‌ನಲ್ಲಿ ಅವರು ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೆ ಏರಿದ್ರು. ಸಿಂಗಲ್ಸ್‌ನಲ್ಲಿ ಮೊದಲ 100ರ ಒಳಗೆ ಹೋದ ಭಾರತೀಯ ಮಹಿಳೆ ಇವತ್ತಿಗೂ ಅವರೊಬ್ಬರೇ. ಆದ್ರೆ ಬಟ್ಟೆ ಬಗ್ಗೆ, ಶೂಟಿಂಗ್ ಬಗ್ಗೆ, ಆಸ್ಟ್ರೇಲಿಯಾದಲ್ಲಿ ತೆಗೆದ ಒಂದು ಫೋಟೋದಲ್ಲಿ ಧ್ವಜದ ಹತ್ತಿರ ಕಾಲಿತ್ತು ಅನ್ನೋದರ ಬಗ್ಗೆ, ಒಂದಾದ ಮೇಲೊಂದು ಗಲಾಟೆ. ಭಾರತದಲ್ಲಿ ಆಡಿದಾಗೆಲ್ಲ ಏನಾದ್ರೂ ಒಂದು ಸಮಸ್ಯೆ ಆಗುತ್ತೆ, ಅದಕ್ಕೆ ಬೆಂಗಳೂರಿಗೆ ಬರಲ್ಲ ಅಂತ 2008ರ ಫೆಬ್ರವರಿಯಲ್ಲಿ ಹೇಳಿದ್ರು. ಹೈದರಾಬಾದ್‌ನ ಹುಡುಗಿ, ಒಂದು ರಾತ್ರಿ ಬಸ್ಸಿನ ದೂರದ ಊರಿಗೆ ಬರಲಿಲ್ಲ. ಆ ವಾರದ ಮುಂದೆ ಅವರ ಹೆಸರಲ್ಲಿ ಖಾಲಿ ಕಾಲಂ. ಆ ಖಾಲಿ ಜಾಗಕ್ಕೆ ಕಾರಣ ಆಟ ಅಲ್ಲ, ನಮ್ಮ ಗಲಾಟೆ.

ಸೆರೆನಾ ಕಡೆ ಬರೋಣ. 2003ರ ಆಗಸ್ಟ್‌ನಲ್ಲಿ ಅವರು ನಂಬರ್ ಒನ್ ಸ್ಥಾನ ಕಳ್ಕೊಂಡಿದ್ರು. ಗಾಯ, ಮನೆಯಲ್ಲಿ ಅಕ್ಕನ ಕೊಲೆಯ ದುಃಖ, ರ‍್ಯಾಂಕಿಂಗ್ ನೂರರ ಆಚೆ ಹೋಗಿತ್ತು. 2007ರಲ್ಲಿ 81ನೇ ಸ್ಥಾನದಲ್ಲಿದ್ದು ಆಸ್ಟ್ರೇಲಿಯನ್ ಓಪನ್ ಗೆದ್ದರು. 2008ರಲ್ಲಿ ಬೆಂಗಳೂರು ಗೆದ್ದ ಮೇಲೆ ಮಯಾಮಿ ಗೆದ್ರು, ಚಾರ್ಲ್ಸ್‌ಟನ್ ಗೆದ್ರು. ಸತತ 17 ಮ್ಯಾಚ್ ಗೆಲುವು, ಆ ಸರಣಿ ಶುರುವಾಗಿದ್ದು ನಮ್ಮ ಕಬ್ಬನ್ ಪಾರ್ಕ್‌ನಲ್ಲಿ.

ಆ ವರ್ಷ ಮೇಲಿನ ಕುರ್ಚಿಯಲ್ಲಿ ಮ್ಯೂಸಿಕಲ್ ಚೇರ್ ನಡೀತು. ಮೇ 14ಕ್ಕೆ ಬೆಲ್ಜಿಯಂನ ಜಸ್ಟಿನ್ ಹೆನಿನ್, 25 ವರ್ಷದ ನಂಬರ್ ಒನ್, ಆಟ ಸಾಕು ಅಂತ ಹೊರಟೇ ಹೋದ್ರು. ಐದು ದಿನಕ್ಕೆ ಮರಿಯಾ ಶರಪೋವಾ. ಜೂನ್‌ನಲ್ಲಿ ಫ್ರೆಂಚ್ ಓಪನ್ ಗೆದ್ದ ಆನಾ ಇವಾನೊವಿಚ್. ಆಗಸ್ಟ್ 11ಕ್ಕೆ ಯಾಂಕೊವಿಚ್, ಒಂದೇ ವಾರ. ಮತ್ತೆ ಇವಾನೊವಿಚ್. ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಫೈನಲ್‌ನಲ್ಲಿ ಸೆರೆನಾ ಯಾಂಕೊವಿಚ್ ಅವರನ್ನ ಸೋಲಿಸಿ ಸೆಪ್ಟೆಂಬರ್ 8ಕ್ಕೆ ಐದು ವರ್ಷದ ನಂತರ ನಂಬರ್ ಒನ್. ಅಕ್ಟೋಬರ್‌ನಲ್ಲಿ ಮತ್ತೆ ಯಾಂಕೊವಿಚ್, ವರ್ಷ ಮುಗಿಸಿದ್ದು ಅವರೇ. ಒಂದೇ ವರ್ಷ ಐದು ನಂಬರ್ ಒನ್. ಅದರಲ್ಲಿ ಇಬ್ಬರು ಆ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಆಡಿದವರು.

ಮುಂದಿನ ವರ್ಷ ಮಾರ್ಚ್ ಬಂತು, 52 ವಾರ ಮುಗೀತು, ಬೆಂಗಳೂರಿನ ಪಾಯಿಂಟ್ ಸೆರೆನಾ ಖಾತೆಯಿಂದ ಅಳಿಸಿಹೋಯ್ತು. ಮತ್ತೆ ಗಳಿಸೋಣ ಅಂದ್ರೆ ಟೂರ್ನಿಯೇ ಇಲ್ಲ. 2008ರ ನಂತರ ಆ ದರ್ಜೆಯ ಮಹಿಳಾ ಟೂರ್ನಿ ಬೆಂಗಳೂರಿಗೆ ವಾಪಸ್ ಬಂದಿಲ್ಲ. ದೇಶಕ್ಕೇ ವಾಪಸ್ ಬಂದಿದ್ದು 2022ರಲ್ಲಿ, ಚೆನ್ನೈಗೆ. 14 ವರ್ಷ. ನಮ್ಮ ಹುಡುಗಿಯರು ರ‍್ಯಾಂಕಿಂಗ್‌ನಲ್ಲಿ ಯಾಕೆ ಮೇಲೆ ಬರಲ್ಲ ಅಂತ ಕೇಳೋರು ಈ ಲೆಕ್ಕಾನೂ ಒಂದ್ಸಲ ನೋಡ್ಬೇಕು. ಪಾಯಿಂಟ್ ಮನೆ ಹತ್ತಿರ ಸಿಗಲ್ಲ ಅಂದ್ರೆ ಪ್ರತಿ ಪಾಯಿಂಟ್‌ಗೂ ವಿಮಾನದ ಟಿಕೆಟ್, ವೀಸಾ, ಹೋಟೆಲ್, ಕೋಚ್ ಖರ್ಚು. ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಂದು ಯೂನಿಟ್ ತಯಾರಿಸೋಕೆ ಎಷ್ಟು ಖರ್ಚು ಅಂತ ನೋಡ್ತೀವಲ್ಲ, ಹಾಗೆ ನೋಡಿದ್ರೆ ಯುರೋಪಿನ ಹುಡುಗಿ ರೈಲಲ್ಲಿ ಹೋಗಿ ತರೋ ಪಾಯಿಂಟ್‌ಗೂ, ಶಿವಮೊಗ್ಗದ ಹುಡುಗಿ ಮೂರು ವಿಮಾನ ಹತ್ತಿ ತರೋ ಪಾಯಿಂಟ್‌ಗೂ ಬೆಲೆ ಬೇರೆ. ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ.

ಆ 2009ರಲ್ಲೇ ಇನ್ನೊಂದು ತಮಾಷೆ ಆಯ್ತು. ಸೆರೆನಾ ಕೈಯಲ್ಲಿ ಯುಎಸ್ ಓಪನ್, ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಮೂರೂ ಇದ್ದವು. ನಂಬರ್ ಒನ್ ಮಾತ್ರ ರಷ್ಯಾದ ದಿನಾರಾ ಸಫಿನಾ, ಒಂದೂ ಗ್ರ್ಯಾಂಡ್ ಸ್ಲಾಮ್ ಗೆಲ್ಲದವರು. ಸಫಿನಾ ರೋಮ್ ಗೆದ್ದಿದ್ದಾರೆ, ಮ್ಯಾಡ್ರಿಡ್ ಗೆದ್ದಿದ್ದಾರೆ, ಅವರೇ ನಂಬರ್ ಒನ್ ಬಿಡಿ ಅಂತ ಸೆರೆನಾ ನಗ್ತಾ ಚುಚ್ಚಿದ್ರು. ಪತ್ರಿಕೆಗಳು ಸಫಿನಾ ಅವರನ್ನ ಸಿಕ್ಕಾಪಟ್ಟೆ ಗೇಲಿ ಮಾಡಿದವು. ನನಗೆ ಇದು ಅನ್ಯಾಯ ಅನ್ಸುತ್ತೆ. ಸಫಿನಾ ಸುಳ್ಳು ಲೆಕ್ಕ ಬರೆದಿರಲಿಲ್ಲ. ವರ್ಷಪೂರ್ತಿ ಕೆಲಸಕ್ಕೆ ಬಂದವಳು, ಹಾಜರಿ ಜಾಸ್ತಿ ಇತ್ತು. ದೊಡ್ಡ ದಿನ ಗೆಲ್ಲೋದು ಒಂದು ಬಗೆ, ಎಲ್ಲಾ ದಿನ ಬರೋದು ಇನ್ನೊಂದು ಬಗೆ. ರ‍್ಯಾಂಕಿಂಗ್ ಅಳೆಯೋದು ಎರಡನೇದನ್ನ.

ಸಾನಿಯಾ ಅವರ ಖಾತೆ ಅಲ್ಲಿಗೆ ಮುಗಿದಿರಲಿಲ್ಲ. ಮಣಿಕಟ್ಟಿನ ನೋವು, ಆಪರೇಷನ್, ಕೊನೆಗೆ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ಬಂದ್ರು. ಡಬಲ್ಸ್ ರ‍್ಯಾಂಕಿಂಗ್ ಜೋಡಿಗೆ ಅಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ ಅನ್ನೋದು ನೆನಪಿರಲಿ. 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಸೇರಿ ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರನ್ನೂ ಸಾಲಾಗಿ ಗೆದ್ದು ಏಪ್ರಿಲ್ 13ಕ್ಕೆ ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್ ಆದ್ರು. ಭಾರತದ ಮಹಿಳೆಯೊಬ್ಬರು ಡಬ್ಲ್ಯುಟಿಎ ಪಟ್ಟಿಯಲ್ಲಿ ಮೇಲೆ ಬಂದಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ಸೇರಿ ಸತತ 41 ಮ್ಯಾಚ್ ಗೆದ್ದರು. 2016ರ ಆಗಸ್ಟ್‌ನಲ್ಲಿ ಜೋಡಿ ಬೇರೆ ಆಯ್ತು. ಆಗ ಇಬ್ಬರೂ ಜಂಟಿ ನಂಬರ್ ಒನ್. ಕೂಡು ಮನೆ ಭಾಗ ಆದ ಹಾಗೆ! ಅದಾದ ಕೂಡಲೇ ಸಿನ್ಸಿನಾಟಿ ಫೈನಲ್‌ನಲ್ಲಿ ಇಬ್ಬರೂ ಹೊಸ ಜೋಡಿ ಕಟ್ಕೊಂಡು ಎದುರುಬದುರು ನಿಂತ್ರು. ಸಾನಿಯಾ ಮತ್ತು ಬಾರ್ಬೊರಾ ಸ್ಟ್ರಿಕೋವಾ ಗೆದ್ರು, ಸಾನಿಯಾ ಒಬ್ಬರೇ ನಂಬರ್ ಒನ್. ಒಟ್ಟು 91 ವಾರ.

ಕಾಫಿ ಸೀಮೆಯ ನಂಬರ್ ಒನ್ ಬಗ್ಗೆ ಹೇಳಲಿಲ್ಲ ಅಂತ ಕೊಡಗಿನ ಕೇಳುಗರು ಬೈಬಾರದು. ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಪುರುಷರ ಡಬಲ್ಸ್‌ನಲ್ಲಿ ನಂಬರ್ ಒನ್ ಆದ್ರು, 43ನೇ ವಯಸ್ಸಲ್ಲಿ. ಅಷ್ಟು ವಯಸ್ಸಲ್ಲಿ ಆ ಸ್ಥಾನಕ್ಕೆ ಅದಕ್ಕೆ ಮೊದಲು ಯಾರೂ ಹೋಗಿರಲಿಲ್ಲ. ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲಾಮ್ ಫೈನಲ್, 2023ರ ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ ಡಬಲ್ಸ್, ಆಡಿದ್ದು ಇವರ ಜೊತೆಗೇ. ಬೋಪಣ್ಣ ಅವರದ್ದು ಬೇರೆ ಸಂಚಿಕೆಯ ಕಥೆ.

ಇನ್ನೊಂದು ಖಾಲಿ ಕಾಲಂ ಇದೆ, ಹೆರಿಗೆ. ಗೂಲಗಾಂಗ್ 1977ರಲ್ಲಿ ಮಗಳನ್ನ ಹೆತ್ತು, 1980ರಲ್ಲಿ ಎವರ್ಟ್ ಅವರನ್ನ ಸೋಲಿಸಿ ಮತ್ತೆ ವಿಂಬಲ್ಡನ್ ಗೆದ್ದರು. ತಾಯಿಯಾದ ಆಟಗಾರ್ತಿ ಅಲ್ಲಿ ಸಿಂಗಲ್ಸ್ ಗೆದ್ದಿದ್ದು 1914ರ ನಂತರ ಅದೇ ಮೊದಲು. ಅಷ್ಟಾದ್ರೂ ಪುಸ್ತಕ ಹೆರಿಗೆಯನ್ನ ಗೈರುಹಾಜರಿ ಅಂತಲೇ ಬರೀತಾ ಬಂತು. 2017ರಲ್ಲಿ ಬಸುರಿಯಾಗಿದ್ದಾಗ ಆಸ್ಟ್ರೇಲಿಯನ್ ಓಪನ್ ಗೆದ್ದು, ನಂಬರ್ ಒನ್ ಆಗಿದ್ದಾಗಲೇ ರಜೆಗೆ ಹೋದ ಸೆರೆನಾ, 2018ರ ಫ್ರೆಂಚ್ ಓಪನ್‌ಗೆ ಬಂದಾಗ ರ‍್ಯಾಂಕಿಂಗ್ 400ರ ಆಚೆ ಇತ್ತು, ಸೀಡ್ ಸಿಗಲಿಲ್ಲ. ವಿಂಬಲ್ಡನ್ ತನ್ನ ವಿವೇಚನೆಯಿಂದ 25ನೇ ಸೀಡ್ ಕೊಟ್ಟಿತು. ದೊಡ್ಡ ಚರ್ಚೆ ಆಗಿ ಆ ವರ್ಷದ ಕೊನೇಲಿ ನಿಯಮ ಬದಲಾಯ್ತು. ಈಗ ಹೆರಿಗೆ ಆದ ಮೂರು ವರ್ಷದವರೆಗೆ ಹಳೆಯ ರ‍್ಯಾಂಕಿಂಗ್ ಬಳಸಿ ಟೂರ್ನಿಗೆ ಹೋಗಬಹುದು. ಸಾನಿಯಾ ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ವಾಪಸ್ ಬಂದ ಮೊದಲ ಟೂರ್ನಿಯನ್ನೇ, ಹೋಬಾರ್ಟ್ ಡಬಲ್ಸ್, ಗೆದ್ದುಬಿಟ್ಟರು.

ಗೂಲಗಾಂಗ್ ಅವರ ಎರಡು ವಾರ ತಿದ್ದಿದ್ರಿಂದ ಏನಾಯ್ತು ಅಂತ ಕೇಳಿದ್ರೆ, 2019ರ ಜೂನ್ 24 ನೋಡಬೇಕು. ಆವತ್ತು ಆಸ್ಟ್ರೇಲಿಯಾದ ಆಶ್ಲೀ ಬಾರ್ಟಿ ನಂಬರ್ ಒನ್ ಆದ್ರು. ಬಾರ್ಟಿ ಕೂಡ ಮೂಲನಿವಾಸಿ ಸಮುದಾಯದವರು, ಎನ್‌ಗಾರಿಗೊ. ತಪ್ಪು ಸಿಗದೇ ಇದ್ದಿದ್ರೆ ಎಲ್ಲಾ ಪೇಪರ್‌ನಲ್ಲೂ "ಆಸ್ಟ್ರೇಲಿಯಾದ ಮೊದಲ ಮಹಿಳಾ ನಂಬರ್ ಒನ್" ಅಂತ ಬರ್ತಿತ್ತು. ಬಂದಿದ್ದು "43 ವರ್ಷದ ನಂತರ, ಗೂಲಗಾಂಗ್ ಆದ ಮೇಲೆ ಎರಡನೆಯವರು" ಅಂತ. 2022ರ ಜನವರಿಯಲ್ಲಿ ಬಾರ್ಟಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಟ್ರೋಫಿ ಕೊಡೋಕೆ ಯಾರು ಬರ್ತಾರೆ ಅಂತ ಅವರಿಗೇ ಹೇಳಿರಲಿಲ್ಲ. ನಡ್ಕೊಂಡು ಬಂದಿದ್ದು ಗೂಲಗಾಂಗ್.

ಎರಡೇ ತಿಂಗಳು. ಮಾರ್ಚ್ 23ಕ್ಕೆ, 25ನೇ ವಯಸ್ಸಲ್ಲಿ, ನಂಬರ್ ಒನ್ ಆಗಿದ್ದಾಗಲೇ ಬಾರ್ಟಿ ನಿವೃತ್ತಿ ಹೇಳಿದ್ರು. ಪಟ್ಟಿಯಿಂದ ತನ್ನ ಹೆಸರು ತೆಗೀರಿ ಅಂತ ಅವರೇ ಕೇಳ್ಕೊಂಡ್ರು, ಏಪ್ರಿಲ್ 4ಕ್ಕೆ ಪೋಲೆಂಡ್‌ನ ಈಗಾ ಶ್ವಿಯಾಂಟೆಕ್ ಮೇಲೆ ಬಂದ್ರು. ಅಲ್ಲಿಂದ ಮುಂದೆ ಶ್ವಿಯಾಂಟೆಕ್ ಮತ್ತು ಬೆಲಾರುಸ್‌ನ ಅರೀನಾ ಸಬಲೆಂಕಾ ನಡುವಿನ ಹಗ್ಗಜಗ್ಗಾಟ ನೀವು ಫೋನಲ್ಲೇ ನೋಡಿದ್ದೀರಿ.

ಇವತ್ತಿಗೆ ಇಷ್ಟು. ಮೂಡಿಗೆರೆ, ಕಳಸ, ಕೊಪ್ಪ ಕಡೆ ಕ್ಲಬ್ಬಿನ ಹಳೇ ಟೆನಿಸ್ ಕೋರ್ಟ್‌ಗಳಲ್ಲಿ ಆಡ್ತಿದ್ದ ನಿಮ್ಮ ಅಜ್ಜಿ, ಅತ್ತೆ, ಚಿಕ್ಕಮ್ಮ ಯಾರಾದ್ರೂ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಸ್ಕೋರ್ ನೆನಪಿದ್ರೆ ಅದನ್ನೂ ಹೇಳಿ, ಬರ್ಕೊಳ್ತೀನಿ.